ಎದ್ದರೆ ಕಟ್ಟುವ ಕಿವಿ, ಮಲಗಿದರೆ ಬಿಡುವ ಕಿವಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ಶ್ರವಣ ಪರೀಕ್ಷೆ ಮಾಡುವುದು ನನ್ನ ಕೆಲಸ. ಪರೀಕ್ಷೆಯ ಕೋಣೆಯಲ್ಲಿ, ಫೋನಿನಲ್ಲಿ, ಉಡುಪಿ ಕಡೆಯಿಂದ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡು ಇಲ್ಲಿ ಒಟ್ಟು ಮಾಡಿದ್ದೇನೆ. ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವದ ಒತ್ತಡ ಕುಸಿದಾಗ ಒಳಗಿವಿಯಲ್ಲಿ ಕಾಣಿಸಿಕೊಳ್ಳುವ ತೊಂದರೆಗಳೇ ಇಲ್ಲಿಯ ವಿಷಯ. ನಾನು ಔಷಧ ಬರೆಯುವವಳಲ್ಲ; ಇಲ್ಲಿರುವುದನ್ನು ಓದಿ ಯಾರೂ ತಾವಾಗಿ ಮಾತ್ರೆ ಶುರು ಮಾಡುವುದಾಗಲಿ ನಿಲ್ಲಿಸುವುದಾಗಲಿ ಬೇಡ.

## ಮೊದಲು ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಎದ್ದು ಅರ್ಧ ಗಂಟೆಯಾಗುವಷ್ಟರಲ್ಲಿ ಕಿವಿ ಕಟ್ಟಿದ ಹಾಗೆ ಆಗುತ್ತದೆ, ಮಲಗಿದರೆ ಬಿಡುತ್ತದೆ. ಇದು ಎಂತ ಕಾಯಿಲೆ?

ಕಿವಿಯ ತೊಂದರೆಯೊಂದು ದೇಹದ ಭಂಗಿಯನ್ನು ಅನುಸರಿಸಿ ಬಂದು ಹೋಗುತ್ತಿದೆ ಎಂದಾದರೆ, ಅದರ ಮೂಲ ಕಿವಿಯಲ್ಲೇ ಇರಬೇಕೆಂದಿಲ್ಲ. ಮಿದುಳು ಮತ್ತು ಬೆನ್ನುಹುರಿ ತಿಳಿನೀರಿನಂಥ ಒಂದು ದ್ರವದಲ್ಲಿ ತೇಲುತ್ತಿರುತ್ತವೆ. ವೈದ್ಯರು ಅದನ್ನು ಸೆರೆಬ್ರೋಸ್ಪೈನಲ್ ದ್ರವ ಎಂದೂ ಚಿಕ್ಕದಾಗಿ ಸಿಎಸ್‌ಎಫ್ ಎಂದೂ ಕರೆಯುತ್ತಾರೆ. ವಯಸ್ಕರಲ್ಲಿ ಯಾವುದೇ ಹೊತ್ತಿನಲ್ಲಿ ಇರುವುದು ಸುಮಾರು 150 ಮಿ.ಲೀ., ಎಂದರೆ ಒಂದು ಚಹಾ ಲೋಟದಷ್ಟು. ಆದರೆ ದಿನಕ್ಕೆ ಉತ್ಪತ್ತಿಯಾಗುವುದು ಸುಮಾರು 500 ಮಿ.ಲೀ.; ಹಳೆಯದು ಹೀರಿಹೋಗಿ ಹೊಸದು ತುಂಬುತ್ತಲೇ ಇರುತ್ತದೆ. ಈ ದ್ರವವನ್ನು ಹಿಡಿದಿಟ್ಟ ಡ್ಯೂರಾ ಎಂಬ ಹೊರಪೊರೆಯಲ್ಲಿ, ಸಾಮಾನ್ಯವಾಗಿ ಬೆನ್ನಿನ ಭಾಗದಲ್ಲಿ, ಸಣ್ಣ ತೂತು ಬಿದ್ದು ಉತ್ಪತ್ತಿಗಿಂತ ಸೋರಿಕೆ ಹೆಚ್ಚಾದರೆ, ಎದ್ದು ಕೂತಾಗ ತಲೆಬುರುಡೆಯೊಳಗೆ ದ್ರವ ಸಾಲದೆ ಹೋಗುತ್ತದೆ. ತಲೆನೋವು ಅದರ ಮುಖ್ಯ ಲಕ್ಷಣ. ಕಿವಿ ಕಟ್ಟುವುದು, ಗುಂಯ್‌ಗುಡುವುದು, ತಲೆ ತಿರುಗುವುದು ಆ ತಲೆನೋವಿನ ಜೊತೆಗೆ ಬರುವಂಥವು.

ಬೆನ್ನಿನಲ್ಲಿ ತೂತಾದರೆ ಕಿವಿಗೆ ಎಂತ ಸಂಬಂಧ?

ಗಾರೆ ಕೆಲಸದವರು ಗೋಡೆಯ ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪ್ ಹಿಡಿಯುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಂಥ ಪೈಪನ್ನು ನೆಟ್ಟಗೆ ನಿಲ್ಲಿಸಿ ಕೆಳಗೊಂದು ತೂತು ಮಾಡಿದರೆ ಮೊದಲು ಬರಿದಾಗುವುದು ಮೇಲ್ತುದಿ; ಅದನ್ನೇ ನೆಲಕ್ಕೆ ಅಡ್ಡ ಮಲಗಿಸಿದರೆ ಉಳಿದ ನೀರು ಎರಡೂ ತುದಿಗೆ ಹಂಚಿಹೋಗುತ್ತದೆ. ಬೆನ್ನುಹುರಿಯ ಸುತ್ತಲಿನ ದ್ರವದ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ನಿಂತಾಗ ಸೊಂಟದ ಮಟ್ಟದಲ್ಲಿ ಒತ್ತಡ ಹೆಚ್ಚು, ತಲೆಯ ಮಟ್ಟದಲ್ಲಿ ಕಡಿಮೆ. ಸೋರಿಕೆಯಿದ್ದಾಗ ಈ ವ್ಯತ್ಯಾಸ ಅತಿಯಾಗುತ್ತದೆ.

ಇನ್ನು ಕಿವಿಯ ವಿಷಯ. ಒಳಗಿವಿಯ ಶಂಖದೊಳಗೆ ಎರಡು ಬೇರೆ ಬೇರೆ ದ್ರವಗಳಿವೆ: ಹೊರ ಕೋಣೆಗಳಲ್ಲಿ ಪೆರಿಲಿಂಫ್, ಒಳ ಚೀಲದಲ್ಲಿ ಎಂಡೋಲಿಂಫ್. ಹೊರಗಿನದಕ್ಕೂ ಸಿಎಸ್‌ಎಫ್‌ಗೂ ನಡುವೆ ಕಾಕ್ಲಿಯರ್ ಅಕ್ವಿಡಕ್ಟ್ ಎಂಬ ಕೂದಲೆಳೆಯಂಥ ಎಲುಬಿನ ಕಾಲುವೆ ಇದೆ. ಸಿಎಸ್‌ಎಫ್ ಒತ್ತಡ ಇಳಿದಾಗ ಈ ಕಾಲುವೆಯ ಮೂಲಕ ಪೆರಿಲಿಂಫ್ ಒತ್ತಡವೂ ಇಳಿಯುತ್ತದೆ. ಆಗ ಒಳ ಚೀಲ ಉಬ್ಬಿಕೊಳ್ಳುತ್ತದೆ, ನಡುವಿನ ತೆಳುಪೊರೆ ಬಾಗುತ್ತದೆ. ಪರಿಣಾಮ, ತಲೆಸುತ್ತು ಮತ್ತು ಕಿವಿಮಂದ ದಾಳಿಯಂತೆ ಬರುವ ಮೆನಿಯರ್ ಎಂಬ ಒಳಗಿವಿಯ ಕಾಯಿಲೆಯಲ್ಲಿ ಆಗುವುದನ್ನೇ ಹೋಲುತ್ತದೆ, ಅದರಲ್ಲೂ ಮಂದ್ರ ಸ್ವರಗಳ ಮೇಲೆ. ಈ ಕಾಲುವೆ ಎಲ್ಲರಲ್ಲಿ ಒಂದೇ ಪ್ರಮಾಣದಲ್ಲಿ ತೆರೆದಿರುವುದಿಲ್ಲ. ಒಂದೇ ಬಗೆಯ ಸೋರಿಕೆ ಒಬ್ಬರ ಕಿವಿಯನ್ನು ಕಾಡಿ ಇನ್ನೊಬ್ಬರದನ್ನು ಮುಟ್ಟದೆ ಬಿಡುವುದಕ್ಕೆ ಇದೂ ಒಂದು ಕಾರಣವೆನ್ನುತ್ತಾರೆ.

ಎರಡನೆಯ ವಿವರಣೆಯೂ ಇದೆ. ತೇಲುವ ಆಸರೆ ಕಡಿಮೆಯಾದಾಗ ಮಿದುಳು ತುಸು ಕೆಳಗೆ ಜಗ್ಗುತ್ತದೆ. ಕಿವಿಗೂ ಸಮತೋಲಕ್ಕೂ ಸೇರಿದ ಎಂಟನೆಯ ನರ ಆಗ ಎಳೆತಕ್ಕೆ ಸಿಕ್ಕುತ್ತದೆ. ಈ ಎರಡರಲ್ಲಿ ಯಾವುದು ಸರಿ ಎಂದು ಒಬ್ಬ ರೋಗಿಯನ್ನು ನೋಡಿ ಬೇರ್ಪಡಿಸಿ ಹೇಳುವುದು ಕಷ್ಟ. ಎರಡೂ ಒಟ್ಟಿಗೆ ನಡೆಯಬಾರದೆಂದೂ ಇಲ್ಲ.

ಕಿವಿಯಲ್ಲಿ ಏನೇನು ಆಗಬಹುದು? ಬರೀ ಗುಂಯ್ ಎನ್ನುವ ಶಬ್ದ ಮಾತ್ರವಾ?

ಮಾತು ಮುಚ್ಚಿದ ಬಾಗಿಲಿನ ಆಚೆಯಿಂದ ಬಂದಂತೆ ಮಸುಕಾಗುವುದು, ಕಿವಿಯೊಳಗೆ ಒತ್ತಿದಂಥ ಭಾರ, ಒಂದೇ ಸಮನೆ ಗುಂಯ್‌ಗುಡುವಿಕೆ, ನಡೆಯುವಾಗ ದೋಣಿಯಲ್ಲಿ ನಿಂತಂತೆ ಓಲಾಡುವುದು, ಅಪರೂಪಕ್ಕೆ ಕೋಣೆಯೇ ಸುತ್ತುವುದು, ಪಾತ್ರೆ ತಾಗಿದ ಸದ್ದೂ ತಾಳಲಾರದಷ್ಟು ಚುಚ್ಚುವುದು: ಇವೆಲ್ಲ ಬರಬಹುದು, ಎಲ್ಲವೂ ಒಬ್ಬರಿಗೇ ಬರಬೇಕೆಂದಿಲ್ಲ. ಒಂದು ಕಿವಿಯಲ್ಲೂ ಇರಬಹುದು, ಎರಡರಲ್ಲೂ ಇರಬಹುದು.

ಇದನ್ನು ನನಗೆ ಚೆನ್ನಾಗಿ ವಿವರಿಸಿದವರು ಉಡುಪಿ ಕಡೆಯ ಒಬ್ಬ ಯಕ್ಷಗಾನ ಮದ್ದಳೆಗಾರರು. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಇನ್ನೂ ಎರಡು ತಿಂಗಳಿರುವಾಗಲೇ ಅವರು ಆಟಕ್ಕೆ ಹೋಗುವುದನ್ನು ನಿಲ್ಲಿಸಿದ್ದರು. ರಾತ್ರಿ ಒಂದೂವರೆಯ ಹೊತ್ತಿಗೆ, ಎಂದರೆ ಕೂತು ಮೂರು ನಾಲ್ಕು ಗಂಟೆಯಾದ ಮೇಲೆ, ತಮ್ಮದೇ ಮದ್ದಳೆಯ ಗುಮ್ಮೆನ್ನುವ ನಾದ ಟೊಳ್ಳಾಗಿ ಕೇಳಲು ಶುರುವಾಗುತ್ತಿತ್ತಂತೆ; ಪಕ್ಕದ ಚೆಂಡೆ ಮಾತ್ರ ಮೊಳೆ ಹೊಡೆದಂತೆ ಕಿವಿಗೆ ಬಡಿಯುತ್ತಿತ್ತಂತೆ. ಶ್ರುತಿ ತಪ್ಪಿದೆಯೆಂದು ಅವರು ಮದ್ದಳೆಯನ್ನೇ ಎರಡು ಸಲ ರಿಪೇರಿಗೆ ಕೊಟ್ಟಿದ್ದರು. ವೇಷ ಕಟ್ಟುವ ಚೌಕಿಗೆ ಹೋಗಿ ಚಾಪೆಯ ಮೇಲೆ ಕಾಲು ಗಂಟೆ ಅಡ್ಡಾದರೆ ನಾದ ಮತ್ತೆ ಸರಿಯಾಗುತ್ತಿತ್ತು. ನಾನು ಕೇಳುವ ಮೊದಲೇ ಅವರು ಹೇಳಿದ ಈ ಕೊನೆಯ ಮಾತೇ ಮುಂದಿನ ದಾರಿ ತೋರಿಸಿತು.

ತಲೆನೋವೇ ಇಲ್ಲ, ಬರೀ ಕಿವಿಯದ್ದೇ ಕಿರಿಕಿರಿ. ಹಾಗೂ ಇರಬಹುದಾ?

ಇರಬಹುದು, ಆದರೆ ಅಪರೂಪ. ಹೆಚ್ಚಾಗಿ ಆಗುವುದೇನೆಂದರೆ, ಮೊದಲ ವಾರಗಳಲ್ಲಿ ಕುತ್ತಿಗೆಯ ಹಿಂಭಾಗದಿಂದ ಏರುವ ತಲೆನೋವು ಸ್ಪಷ್ಟವಾಗಿರುತ್ತದೆ, ತಿಂಗಳುಗಳು ಕಳೆದಂತೆ ಅದರ ಹರಿತ ಕಡಿಮೆಯಾಗಿ ಕಿವಿಯ ತೊಂದರೆ ಮುಂದೆ ಬರುತ್ತದೆ. ಕೆಲವರಲ್ಲಿ ತಲೆನೋವು ಎದ್ದ ಕೂಡಲೇ ಬಾರದೆ ಮಧ್ಯಾಹ್ನದ ಮೇಲೆ ನಿಧಾನವಾಗಿ ಏರುತ್ತದೆ. ಅಂಥವರು ಅದನ್ನು ಕೆಲಸದ ಆಯಾಸವೆಂದು ತಿಳಿದು ಹೇಳುವುದನ್ನೇ ಬಿಟ್ಟುಬಿಡುತ್ತಾರೆ.

## ಹೆರಿಗೆ ಮತ್ತು ಬೆನ್ನಿನ ಇಂಜೆಕ್ಷನ್

ಮಗಳಿಗೆ ಸಿಸೇರಿಯನ್ ಆಗಿ ಮೂರನೇ ದಿನದಿಂದ ತಲೆನೋವು, ಕಿವಿ ಬಂದ್ ಆದ ಹಾಗೆ ಉಂಟು. ಬಾಣಂತಿಗೆ ಗಾಳಿ ಹೊಡೆದದ್ದು ಅಂತ ಅವಳ ಅತ್ತೆ ಹೇಳುತ್ತಾರೆ. ಹೌದಾ?

ಗಾಳಿಗಿಂತ ಮೊದಲು ಸೂಜಿಯನ್ನು ನೆನೆಯಬೇಕು. ಸಿಸೇರಿಯನ್‌ಗೆ ಸೊಂಟದ ಕೆಳಗೆ ಮರಗಟ್ಟಿಸಲು ಕೊಡುವ ಸ್ಪೈನಲ್ ಅರಿವಳಿಕೆಯಲ್ಲಿ ಸೂಜಿ ಡ್ಯೂರಾವನ್ನು ದಾಟಲೇಬೇಕು. ಆ ತೂತು ಬೇಗ ಮುಚ್ಚದಿದ್ದರೆ ದ್ರವ ಸೋರುತ್ತದೆ. ಇದು ಹೊಸ ಸಂಗತಿಯಲ್ಲ. ಜರ್ಮನಿಯ ಶಸ್ತ್ರವೈದ್ಯ ಆಗಸ್ಟ್ ಬಿಯರ್ 1898ರಲ್ಲಿ ಈ ಅರಿವಳಿಕೆಯನ್ನು ತನ್ನ ಮೇಲೆಯೇ ಪ್ರಯೋಗಿಸಲು ಹೋಗಿ, ಎದ್ದರೆ ಬರುವ, ಮಲಗಿದರೆ ಹೋಗುವ ತಲೆನೋವನ್ನು ದಿನಗಟ್ಟಲೆ ಅನುಭವಿಸಿ ಬರೆದಿಟ್ಟಿದ್ದಾನೆ. ಚುಚ್ಚಿದ ಐದು ದಿನಗಳೊಳಗೆ ಶುರುವಾಗುವುದು, ಬಹುಮಟ್ಟಿಗೆ ಎರಡು ವಾರದೊಳಗೆ ತಾನಾಗಿ ಇಳಿಯುವುದು ಇದರ ಲಕ್ಷಣ. ಕಿವಿ ಮಸುಕಾಗುವುದು ಇದೇ ಸೋರಿಕೆಯ ಭಾಗ. ಸಾಮಾನ್ಯವಾಗಿ ಅದೂ ಜೊತೆಯಲ್ಲೇ ಮರಳುತ್ತದೆ.

ನಮ್ಮ ಕಡೆ ಬಾಣಂತನದ ಕ್ರಮ ಇಲ್ಲಿ ಸ್ವಲ್ಪ ಗೊಂದಲ ಮಾಡುತ್ತದೆ. ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಕಟ್ಟಿದಾಗ ಹೇಗೂ ಕೇಳಿಸುವುದು ಕಡಿಮೆ. ಹಾಗಾಗಿ ನಿಜವಾದ ಮಸುಕು ಯಾರ ಗಮನಕ್ಕೂ ಬರುವುದಿಲ್ಲ. ಬಚ್ಚಲಿನಲ್ಲಿ ಮಣೆಯ ಮೇಲೆ ಮುಕ್ಕಾಲು ಗಂಟೆ ಕೂರಿಸಿ ಹಂಡೆಯ ಬಿಸಿನೀರು ಹೊಯ್ಯುವಾಗ ತಲೆಸುತ್ತು ಬಂದರೆ ‘ಬಾಣಂತಿ ಸೋತಿದ್ದಾಳೆ’ ಎನ್ನುತ್ತಾರೆ. ಅತ್ತೆಯವರ ಕಾಳಜಿಯನ್ನು ತಳ್ಳಿಹಾಕಬೇಕಾಗಿಲ್ಲ. ಹತ್ತಿ ತೆಗೆದು, ಮಲಗಿಸಿ, ಇಪ್ಪತ್ತು ನಿಮಿಷ ಬಿಟ್ಟು ‘ಈಗ ಹೇಗುಂಟು’ ಎಂದು ಕೇಳಿದರೆ ಸಾಕು. ಮಲಗಿಯೇ ಹಾಲೂಡಿಸುವ ಕ್ರಮವನ್ನು ನರ್ಸ್ ಹತ್ತಿರ ಹೇಳಿಸಿಕೊಳ್ಳಬಹುದು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಹೆರಿಗೆಯ ನಂತರದ ಎಲ್ಲ ತಲೆನೋವೂ ಇದೇ ಅಲ್ಲ. ರಕ್ತದೊತ್ತಡ ಏರಿದ್ದರೆ, ಜ್ವರವಿದ್ದರೆ, ಫಿಟ್ಸ್ ಬಂದರೆ, ದೃಷ್ಟಿ ಮಂಜಾದರೆ, ಅಥವಾ ಮಲಗಿದರೂ ನೋವು ಇಳಿಯದೆ ಏರುತ್ತಲೇ ಹೋದರೆ, ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ ಎಂಬುದೂ ಸೇರಿದಂತೆ ಬೇರೆ ಕಾರಣಗಳನ್ನು ಅದೇ ದಿನ ನೋಡಬೇಕು.

ಇಂಜೆಕ್ಷನ್ ಕೊಡುವಾಗ ನಾನು ಅಲುಗಾಡಿದ್ದರಿಂದ ಹೀಗಾಯಿತಾ?

ನಿಮ್ಮ ಮೇಲೆ ತಪ್ಪು ಹೊರಿಸಿಕೊಳ್ಳಬೇಡಿ. ಸೂಜಿಯ ದಪ್ಪ ಮತ್ತು ತುದಿಯ ಆಕಾರ ಇಲ್ಲಿ ಮುಖ್ಯ. ತೆಳು ಸೂಜಿ, ಅದರಲ್ಲೂ ಪೊರೆಯನ್ನು ಕತ್ತರಿಸದೆ ಎಳೆಗಳನ್ನು ಸರಿಸಿಕೊಂಡು ಒಳಹೋಗುವ ಪೆನ್ಸಿಲ್ ಮೊನೆಯ ಸೂಜಿ, ಕಡಿಮೆ ಸೋರಿಕೆ ಮಾಡುತ್ತದೆ. ನೋವಿಲ್ಲದ ಹೆರಿಗೆಗೆ ಬಳಸುವ ಎಪಿಡ್ಯೂರಲ್ ಸೂಜಿ ದಪ್ಪದ್ದು; ಅದು ಡ್ಯೂರಾ ದಾಟಬಾರದು, ಆದರೆ ಅಕಸ್ಮಾತ್ ದಾಟಿದರೆ ತಲೆನೋವು ಬರುವ ಸಾಧ್ಯತೆ ಬಹಳ ಹೆಚ್ಚು. ಯುವಜನರಲ್ಲಿ, ಹೆಂಗಸರಲ್ಲಿ ಇದು ಜಾಸ್ತಿ ಎಂಬುದೂ ಗೊತ್ತಿರುವ ವಿಷಯ.

## ಬೇರೆ ಕಾಯಿಲೆಗಳಿಂದ ಬೇರ್ಪಡಿಸುವುದು

ಆರು ತಿಂಗಳಿಂದ ವರ್ಟಿಗೋ ಮಾತ್ರೆ ನುಂಗುತ್ತಿದ್ದೇನೆ, ಒಂದಿಷ್ಟೂ ಕಡಿಮೆ ಇಲ್ಲ. ಇದೇ ಆಗಿರಬಹುದಾ?

ವರ್ಟಿಗೋ ಎಂಬುದು ತಲೆ ತಿರುಗುವುದಕ್ಕೆ ಇಟ್ಟ ಹೆಸರು, ಅದರ ಕಾರಣದ ಹೆಸರಲ್ಲ. ಆ ಚೀಟಿಯ ಹಿಂದೆ ಏನಿದೆಯೆಂದು ತಿಳಿಯಲು ನಾನು ಕೇಳುವುದು ಒಂದೇ ಪ್ರಶ್ನೆಯನ್ನು, ಮೂರು ನಾಲ್ಕು ಬಗೆಯಲ್ಲಿ: ಯಾವ ಭಂಗಿಯಲ್ಲಿ ಬರುತ್ತದೆ, ಬರಲು ಎಷ್ಟು ಹೊತ್ತು ಬೇಕು, ಹೋಗಲು ಎಷ್ಟು ಹೊತ್ತು ಬೇಕು?

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದ ಮೇಲಿನ ಡಬ್ಬಿಗೆ ಕತ್ತೆತ್ತಿದಾಗ ಕೋಣೆ ಗಿರ್ರನೆ ತಿರುಗಿ ಒಂದು ನಿಮಿಷದೊಳಗೆ ನಿಂತರೆ, ಅದು ಬಹುಶಃ ಒಳಗಿವಿಯ ಹರಳು ಜಾಗ ತಪ್ಪಿದ್ದು. ಇಲ್ಲಿ ಮಲಗುವುದೇ ಸುತ್ತು ತರಿಸುತ್ತದೆ, ಮತ್ತು ಎಪ್ಲಿ ಎಂಬ ತಲೆ ತಿರುಗಿಸುವ ವಿಧಾನದಿಂದ ಅನೇಕರಿಗೆ ಒಂದೆರಡು ಸಲಕ್ಕೇ ಗುಣವಾಗುತ್ತದೆ. ಎದ್ದು ನಿಂತ ಕೆಲವೇ ಸೆಕೆಂಡುಗಳಲ್ಲಿ ಕಣ್ಣು ಕತ್ತಲೆ ಬಂದರೆ ರಕ್ತದೊತ್ತಡವನ್ನು ಮಲಗಿದಾಗ ಒಮ್ಮೆ, ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಅಳೆಯಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಕಾರಣ ಅಲ್ಲೇ ಸಿಕ್ಕಿತು. ಸಿಎಸ್‌ಎಫ್ ಸೋರಿಕೆಯಲ್ಲಿ ತೊಂದರೆ ನಿಮಿಷಗಳಿಂದ ಗಂಟೆಗಳ ಲೆಕ್ಕದಲ್ಲಿ ಏರುತ್ತದೆ, ಮಲಗಿದ ಮೇಲೆ ಇಳಿಯಲೂ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಇನ್ನೊಂದು: ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ಯೂಸ್ಟೇಶಿಯನ್ ನಳಿಕೆ ಮುಚ್ಚದೆ ತೆರೆದೇ ಉಳಿಯುವುದು. ತೂಕ ಬೇಗ ಇಳಿದವರಲ್ಲಿ ಇದು ಕಾಣಿಸಿಕೊಳ್ಳುತ್ತದೆ, ಮತ್ತು ಇದೂ ಮಲಗಿದರೆ ಸರಿಹೋಗುತ್ತದೆ! ವ್ಯತ್ಯಾಸ ಇಷ್ಟೇ: ಇವರಿಗೆ ತಮ್ಮದೇ ಮಾತು ಮಡಕೆಯೊಳಗಿಂದ ಬಂದಂತೆ ಕೇಳುತ್ತದೆ, ತಮ್ಮದೇ ಉಸಿರು ಕಿವಿಯಲ್ಲಿ ಸುಯ್ಯೆನ್ನುತ್ತದೆ, ಮತ್ತು ಉಸಿರಿನ ಜೊತೆ ಕಿವಿತಮಟೆ ಅಲುಗುವುದನ್ನು ಇಎನ್‌ಟಿ ವೈದ್ಯರು ಕಣ್ಣಾರೆ ನೋಡಬಹುದು.

ಮಾತ್ರೆಯ ವಿಷಯಕ್ಕೆ ಬಂದರೆ, ತಲೆಸುತ್ತಿಗೆಂದು ಬರೆಯುವ ಬೆಟಾಹಿಸ್ಟಿನ್‌ನಿಂದ ಡ್ಯೂರಾದ ತೂತು ಮುಚ್ಚುವುದಿಲ್ಲ. ಪ್ರೋಕ್ಲೋರ್‌ಪೆರಜಿನ್ ಕೆಲವು ದಿನಗಳ ಮಟ್ಟಿಗೆ ವಾಂತಿ ತಡೆಯಲು ಸರಿ. ತಿಂಗಳುಗಟ್ಟಲೆ ತೆಗೆದುಕೊಂಡರೆ ಕೈನಡುಕ, ಮೈ ಬಿಗಿತ ತರಬಲ್ಲದು. ಆರು ತಿಂಗಳಾಗಿದ್ದರೆ ಬರೆದುಕೊಟ್ಟ ವೈದ್ಯರನ್ನು ಮತ್ತೆ ಕಾಣಿರಿ.

ನನಗೆ ಮೆನಿಯರ್ ಅಂತ ಹೇಳಿ ಉಪ್ಪು ಬಿಡಿಸಿದ್ದಾರೆ. ಆಡಿಯೋಗ್ರಾಮ್ ಎರಡಕ್ಕೂ ಒಂದೇ ತರಹ ಇದ್ದರೆ ಗೊತ್ತಾಗುವುದು ಹೇಗೆ?

1861ರಲ್ಲಿ ಪ್ಯಾರಿಸ್ಸಿನ ಪ್ರಾಸ್ಪರ್ ಮೆನಿಯರ್ ವಿವರಿಸಿದ ಕಾಯಿಲೆಯಲ್ಲಿ ಸುತ್ತು ದಾಳಿಯಂತೆ ಬರುತ್ತದೆ: 20 ನಿಮಿಷದಿಂದ 12 ಗಂಟೆಯವರೆಗೆ ಇದ್ದು, ಆಮೇಲೆ ದಿನಗಟ್ಟಲೆ ಏನೂ ಇಲ್ಲ. ಹೆಚ್ಚಾಗಿ ಒಂದೇ ಕಿವಿ. ದಾಳಿಯ ಹೊತ್ತಿನಲ್ಲಿ ಮಲಗಿದರೂ ಬಿಡುವುದಿಲ್ಲ. ಸೋರಿಕೆಯಲ್ಲಿ ದಾಳಿಗಿಂತ ದಿನಚರಿ ಎದ್ದು ಕಾಣುತ್ತದೆ. ಬೆಳಿಗ್ಗೆ ಚೆನ್ನ, ಸಂಜೆಗೆ ಹಾಳು. ಹಾಗಾಗಿ ಆಡಿಯೋಗ್ರಾಮ್ ಎಂಬ, ಶ್ರವಣ ಪರೀಕ್ಷೆಯ ಫಲಿತಾಂಶ ತೋರಿಸುವ ಕಾಗದದ ಮೇಲಿನ ಗೆರೆಗಿಂತ ನಿಮ್ಮ ಒಂದು ವಾರದ ಡೈರಿ ಹೆಚ್ಚು ಹೇಳುತ್ತದೆ. ಇದು ಬರೀ ಹೆಸರಿನ ಜಗಳವಲ್ಲ. ಮೆನಿಯರ್‌ಗೆ ಕೆಲವೊಮ್ಮೆ ಕೊಡುವ ಅಸೆಟಜೋಲಮೈಡ್ ಸಿಎಸ್‌ಎಫ್ ಉತ್ಪತ್ತಿಯನ್ನೇ ತಗ್ಗಿಸುತ್ತದೆ. ದ್ರವ ಕಡಿಮೆಯಿರುವವರಿಗೆ ಅದು ಉಲ್ಟಾ ದಿಕ್ಕಿನ ಔಷಧ.

ಯಾರ ಹತ್ತಿರ ಹೋಗಬೇಕು, ಇಎನ್‌ಟಿಯಾ ನ್ಯೂರಾಲಜಿಯಾ?

ಮೊದಲು ಇಎನ್‌ಟಿ. ಕಿವಿಯ ಮೇಣದಿಂದ ಹಿಡಿದು ನಡುಗಿವಿಯ ನೀರಿನವರೆಗೆ ಸಾಮಾನ್ಯ ಕಾರಣಗಳೇ ನೂರಿವೆ, ಅವನ್ನು ಅಲ್ಲೇ ನೋಡಿ ಮುಗಿಸಬಹುದು. ನಂತರ ನರರೋಗ ವಿಭಾಗ. ಮಂಗಳೂರು ಮತ್ತು ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜುಗಳಿರುವುದರಿಂದ ಎರಡೂ ವಿಭಾಗ ಒಂದೇ ಆವರಣದಲ್ಲಿ ಸಿಗುವ ಅನುಕೂಲ ನಮ್ಮ ಕರಾವಳಿಗೆ ಉಂಟು. ಸೋರಿಕೆಯ ಜಾಗ ಸಿಗದೆ ಕಷ್ಟವಾದಾಗ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆಗೆ ಕಳುಹಿಸುತ್ತಾರೆ. ಎಲ್ಲಿಗೆ ಹೋದರೂ ‘ತಲೆ ತಿರುಗುತ್ತದೆ’ ಎಂದು ಶುರು ಮಾಡಬೇಡಿ. ‘ಎದ್ದ ಇಷ್ಟು ಹೊತ್ತಿಗೆ ಬರುತ್ತದೆ, ಮಲಗಿದ ಇಷ್ಟು ಹೊತ್ತಿಗೆ ಹೋಗುತ್ತದೆ’ ಎಂದು ಶುರು ಮಾಡಿ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ನಿಮಗೆ ಸಿಗುವ ಐದು ನಿಮಿಷದಲ್ಲಿ ಮೊದಲ ವಾಕ್ಯಕ್ಕೆ ಬಹಳ ಬೆಲೆ.

ಇದ್ದಕ್ಕಿದ್ದಂತೆ ಒಂದು ಕಿವಿ ಪೂರ್ತಿ ಹೋಯಿತು. ಮಲಗಿ ನೋಡಬೇಕಾ?

ಬೇಡ, ಹೊರಡಿ. ಮೂರು ದಿನದೊಳಗೆ ಒಂದು ಕಿವಿ ಬಿದ್ದುಹೋಗುವುದು ಇಎನ್‌ಟಿಯಲ್ಲಿ ತುರ್ತು ಸ್ಥಿತಿ. ಸ್ಟೆರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟು ಒಳ್ಳೆಯದು. ಅದೇ ರೀತಿ, ಸೋರಿಕೆಯಿದೆಯೆಂದು ಗೊತ್ತಿರುವವರಲ್ಲಿ ವಸ್ತುಗಳು ಎರಡೆರಡಾಗಿ ಕಾಣುವುದು, ಮಂಪರು, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ 108ಕ್ಕೆ ಕರೆ ಮಾಡಿ. ಕೆಳಗೆ ಜಗ್ಗಿದ ಮಿದುಳಿನ ಮೇಲ್ಭಾಗದಲ್ಲಿ ರಕ್ತ ಶೇಖರವಾಗಿರಬಹುದು.

## ಪರೀಕ್ಷೆಗಳು

ಕಿವಿಯ ಪರೀಕ್ಷೆಯಲ್ಲಿ ಎಂತ ಕಾಣುತ್ತದೆ?

ಶುದ್ಧಸ್ವರ ಪರೀಕ್ಷೆಯಲ್ಲಿ 250ರಿಂದ 8000 ಹರ್ಟ್ಜ್‌ವರೆಗಿನ ಸ್ವರಗಳನ್ನು ಒಂದೊಂದಾಗಿ ಕೇಳಿಸಿ, ಕೇಳಿಸಿದ ಅತಿ ಸಣ್ಣ ಸದ್ದನ್ನು ಡೆಸಿಬೆಲ್‌ನಲ್ಲಿ ಗುರುತಿಸುತ್ತೇವೆ. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಗೆರೆ ಬಲಗಡೆ, ಎಂದರೆ ತಾರ ಸ್ವರಗಳ ಕಡೆ, ಇಳಿಯುತ್ತದೆ. ಇಲ್ಲಿ ಅದು ಎಡಗಡೆ, 250 ಮತ್ತು 500 ಹರ್ಟ್ಜ್‌ನಲ್ಲಿ, ತಗ್ಗುತ್ತದೆ. ನಡುಗಿವಿಯನ್ನು ನೋಡುವ ಟಿಂಪನೋಮೆಟ್ರಿ ಪರೀಕ್ಷೆ ಸರಿಯಾಗಿಯೇ ಇರುತ್ತದೆ.

ತೊಡಕೆಂದರೆ, ಪರೀಕ್ಷೆಗೆ ಬರುವವರು ಬೆಳಿಗ್ಗೆ ಹತ್ತಕ್ಕೆ, ಬಸ್ಸಿನಲ್ಲಿ ಸೀಟಿಗೆ ಒರಗಿ ಬಂದು, ಕಾಯುವ ಬೆಂಚಿನ ಮೇಲೆ ಅಡ್ಡಾಗಿ ಆಮೇಲೆ ಒಳಗೆ ಬರುತ್ತಾರೆ. ಆ ಹೊತ್ತಿಗೆ ಗೆರೆ ನೆಟ್ಟಗಿರುತ್ತದೆ. ಮದ್ದಳೆಗಾರರನ್ನು ನಾನು ಸಂಜೆ ನಾಲ್ಕಕ್ಕೆ ಬರಹೇಳಿದೆ, ಕಾಯುವಾಗ ನಿಂತೇ ಇರಲು ಕೇಳಿಕೊಂಡೆ. ಎಡಗಿವಿಯಲ್ಲಿ 250 ಹರ್ಟ್ಜ್‌ಗೆ 45 ಡೆಸಿಬೆಲ್ ಬಂತು. ಧ್ವನಿಕೋಣೆಯ ನೆಲದಲ್ಲೇ ಚಾಪೆ ಹಾಸಿ, ನಲವತ್ತು ನಿಮಿಷ ಮಲಗಿಸಿ, ಹೆಡ್‌ಫೋನ್ ತೆಗೆಯದೆ ಮತ್ತೆ ನೋಡಿದಾಗ 25. ಬಲಗಿವಿ ಅಷ್ಟಾಗಿ ಬದಲಾಗಿರಲಿಲ್ಲ. ‘ಈಗ ಮದ್ದಳೆ ತಂದಿದ್ದರೆ ಒಂದು ಪೆಟ್ಟು ಬಾರಿಸಿ ನೋಡಬಹುದಿತ್ತು’ ಎಂದರು ಅವರು, ಮಲಗಿದಲ್ಲಿಂದಲೇ. ಇದು ಒಬ್ಬರ ಲೆಕ್ಕ, ಎಲ್ಲರಲ್ಲೂ ಇಷ್ಟು ಚೊಕ್ಕವಾಗಿ ಬರುವುದಿಲ್ಲ. ಆದರೂ ಎರಡು ಭಂಗಿಯಲ್ಲಿ ಪರೀಕ್ಷೆ ಮಾಡಿಸಲು ಕೇಳುವುದರಲ್ಲಿ ನಷ್ಟವೇನಿಲ್ಲ.

ತಲೆಯ ಎಂಆರ್‌ಐ ನಾರ್ಮಲ್ ಉಂಟು. ಹಾಗಾದರೆ ಸೋರಿಕೆ ಇಲ್ಲ ಅಂತಲೇ ಅಲ್ವಾ?

ಅಲ್ಲ. ತಾನಾಗಿ ಬಂದ ಸೋರಿಕೆಯಿರುವವರಲ್ಲಿ ಸುಮಾರು ಐವರಲ್ಲಿ ಒಬ್ಬರ ಮಿದುಳಿನ ಎಂಆರ್‌ಐ ಸಾಮಾನ್ಯವಾಗಿಯೇ ಇರುತ್ತದೆ. ಮೊದಲು ನೋಡಬೇಕಾದದ್ದು, ಆ ಸ್ಕ್ಯಾನ್ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಔಷಧ) ಕೊಟ್ಟು ಮಾಡಿದ್ದೇ ಎಂಬುದು. ತಲೆಬುರುಡೆ ಹಿಗ್ಗಲಾರದ, ಕುಗ್ಗಲಾರದ ಪೆಟ್ಟಿಗೆಯಾದ್ದರಿಂದ ದ್ರವ ಕಡಿಮೆಯಾದ ಜಾಗವನ್ನು ರಕ್ತ ತುಂಬುತ್ತದೆ: ಡ್ಯೂರಾ ದಪ್ಪಗಾಗಿ ಕಾಂಟ್ರಾಸ್ಟ್‌ನಲ್ಲಿ ಬೆಳ್ಳಗೆ ಹೊಳೆಯುತ್ತದೆ, ಸಿರೆಗಳು ಉಬ್ಬುತ್ತವೆ, ಮಿದುಳಿನ ತಳದ ಪಿಟ್ಯುಟರಿ ಗ್ರಂಥಿ ದೊಡ್ಡದಾಗಿ ಕಾಣುತ್ತದೆ, ಮಿದುಳಿನ ಸುತ್ತ ದ್ರವದ ಪದರ ನಿಲ್ಲುತ್ತದೆ, ಮಿದುಳು ಕೆಳಗೆ ಜಗ್ಗುತ್ತದೆ. ಇಂಥ ಆರು ಚಿಹ್ನೆಗಳಿಗೆ ಒಟ್ಟು 9 ಅಂಕ ಕೊಟ್ಟು ಲೆಕ್ಕ ಹಾಕುವ ‘ಬರ್ನ್ ಸ್ಕೋರ್’ ಈಗ ಬಳಕೆಯಲ್ಲಿದೆ. 5 ಅಥವಾ ಹೆಚ್ಚು ಬಂದರೆ ಬೆನ್ನಿನಲ್ಲಿ ಸೋರಿಕೆ ಸಿಗುವ ಸಾಧ್ಯತೆ ಹೆಚ್ಚು. ನಂತರ ಇಡೀ ಬೆನ್ನಿನ ಎಂಆರ್‌ಐ, ಬೇಕಾದರೆ ಬಣ್ಣದ್ರವ ಬಿಟ್ಟು ತೆಗೆಯುವ ಸಿಟಿ ಮೈಲೋಗ್ರಾಮ್.

ಬೆನ್ನಿನಿಂದ ಸೂಜಿ ಹಾಕಿ ಒತ್ತಡ ಅಳೆದಾಗ 6 ಸೆಂ.ಮೀ. ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಅದು ಕಡಿಮೆ. ಆದರೆ ಸೋರಿಕೆ ಖಚಿತವಾದ ಅನೇಕರಲ್ಲಿ, ಮಲಗಿಸಿ ಅಳೆದಾಗ, ಒತ್ತಡ ಸಾಮಾನ್ಯವಾಗಿಯೇ ಬರುತ್ತದೆ. ನಿಜವಾದ ಕೊರತೆ ಒತ್ತಡದ್ದಲ್ಲ, ದ್ರವದ ಪ್ರಮಾಣದ್ದು ಎಂದು ಹಲವು ತಜ್ಞರು ವಾದಿಸುವುದು ಇದೇ ಕಾರಣಕ್ಕೆ.

ನನಗೆ ಯಾವ ಇಂಜೆಕ್ಷನ್ನೂ ಆಗಿಲ್ಲ, ಬಿದ್ದದ್ದೂ ಇಲ್ಲ. ತೂತು ಎಲ್ಲಿಂದ ಬಂತು?

ಜರ್ಮನಿಯ ನರವೈದ್ಯ ಗಿಯೋರ್ಗ್ ಷಾಲ್ಟೆನ್‌ಬ್ರಾಂಟ್ 1938ರಲ್ಲಿ ಇಂಥ ರೋಗಿಗಳನ್ನು ವಿವರಿಸಿದಾಗ ದ್ರವದ ಉತ್ಪತ್ತಿಯೇ ಕಡಿಮೆಯಾಗಿದೆ ಎಂಬ ಊಹೆಯೂ ಇತ್ತು. ಕಾರಣ ಬೆನ್ನಿನಲ್ಲಿದೆ ಎಂಬುದು ಸ್ಕ್ಯಾನ್‌ಗಳು ಬಂದ ಮೇಲೆ ಸ್ಪಷ್ಟವಾಯಿತು. ಈಗ ಮುಖ್ಯವಾಗಿ ಮೂರು ಬಗೆ ಗೊತ್ತಿದೆ. ಬೆನ್ನುಮೂಳೆಯ ಡಿಸ್ಕ್‌ನಿಂದ ಮುಂಚಾಚಿದ ಮುಳ್ಳಿನಂಥ ಸುಣ್ಣದ ಚೂರು ಡ್ಯೂರಾವನ್ನು ಮುಂಭಾಗದಿಂದ ಸೀಳುವುದು ಒಂದು. ನರ ಹೊರಬರುವ ಜಾಗದಲ್ಲಿ ಪೊರೆ ತೆಳುವಾಗಿ ಚೀಲದಂತೆ ಉಬ್ಬಿ ಒಡೆಯುವುದು ಇನ್ನೊಂದು. ಮೂರನೆಯದು, 2014ರಲ್ಲಿ ಮೊದಲ ಬಾರಿಗೆ ವರದಿಯಾದದ್ದು, ದ್ರವ ನೇರವಾಗಿ ಪಕ್ಕದ ಸಿರೆಗೆ ಇಳಿದುಹೋಗುವುದು. ಇದರಲ್ಲಿ ಹೊರಗೆ ದ್ರವ ನಿಲ್ಲುವುದೇ ಇಲ್ಲವಾದ್ದರಿಂದ ಸಾಮಾನ್ಯ ಬೆನ್ನಿನ ಎಂಆರ್‌ಐಗೆ ಸಿಗುವುದಿಲ್ಲ, ಒಂದು ಮಗ್ಗುಲಿಗೆ ಮಲಗಿಸಿ ವಿಶೇಷ ಮೈಲೋಗ್ರಾಮ್ ಮಾಡಬೇಕಾಗುತ್ತದೆ. ಮಾರ್ಫನ್‌ನಂಥ ಸಂಯೋಜಕ ಅಂಗಾಂಶದ ದೋಷವಿರುವವರಲ್ಲಿ ಸಾಧ್ಯತೆ ಹೆಚ್ಚು. ಒಟ್ಟಾರೆ ಹೆಂಗಸರಲ್ಲಿ, ನಲವತ್ತರ ಆಸುಪಾಸಿನಲ್ಲಿ ಹೆಚ್ಚಾಗಿ ಕಾಣುತ್ತದೆ. ಅಕ್ಕಿಮುಡಿ ಎತ್ತಿದ್ದು, ಜೋರು ಕೆಮ್ಮಿದ್ದು ನೆನಪಿಗೆ ಬರುವವರಿದ್ದಾರೆ, ಏನೂ ನೆನಪಾಗದವರೂ ಇದ್ದಾರೆ.

ಬಗ್ಗಿದರೆ ಮೂಗಿನಿಂದ ನೀರು ಸುರಿಯುತ್ತದೆ. ಅದೂ ಇದೇನಾ?

ಅದೂ ಸಿಎಸ್‌ಎಫ್ ಇರಬಹುದು, ಆ ನೀರಿನಲ್ಲಿ ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಹುಡುಕುವ ಪರೀಕ್ಷೆಯಿಂದ ಖಚಿತವಾಗುತ್ತದೆ. ಆದರೆ ಅದು ತಲೆಬುರುಡೆಯ ತಳದ ಸೋರಿಕೆ. ಅಲ್ಲಿಯ ಮುಖ್ಯ ಭಯ ಮಿದುಳುಪೊರೆಯ ಸೋಂಕು. ಎದ್ದರೆ ಬರುವ ತಲೆನೋವಿಗೂ ಕಿವಿಗೂ ಬಹುತೇಕ ಯಾವಾಗಲೂ ಕಾರಣ ಬೆನ್ನಿನದ್ದು.

## ಚಿಕಿತ್ಸೆ ಮತ್ತು ನಂತರದ ದಿನಗಳು

ಬೊಂಡ (ಎಳನೀರು) ಕುಡಿದು, ಕಾಫಿ ಕುಡಿದು ಮಲಗಿದರೆ ಸಾಕಾ?

ಸೂಜಿಯಿಂದಾದ ಸೋರಿಕೆಗೆ ಒಂದೆರಡು ವಾರ ಅಷ್ಟು ಸಾಕಾಗುವುದುಂಟು. ಕೆಫೀನ್ ಕೆಲವು ಗಂಟೆ ತಲೆನೋವು ತಗ್ಗಿಸುತ್ತದೆ, ತೂತು ಮುಚ್ಚುವುದಿಲ್ಲ. ಬೊಂಡ, ಗಂಜಿತಿಳಿ, ನೀರು ಯಾವುದಾದರೂ ಸರಿ, ದೇಹ ಒಣಗದಿದ್ದರೆ ಆಯಿತು. ಮೂತ್ರಪಿಂಡದ ಕಾಯಿಲೆಯವರು ಮಾತ್ರ ಬೊಂಡಕ್ಕೆ ಮುಂಚೆ ವೈದ್ಯರನ್ನು ಕೇಳಬೇಕು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಹೊಟ್ಟೆಗೆ ಬಿಗಿ ಬೆಲ್ಟ್ ಕಟ್ಟಿದರೆ ಕೆಲವರಿಗೆ ಆರಾಮ. ತಾನಾಗಿ ಬಂದ ಸೋರಿಕೆಗೆ ತಿಂಗಳುಗಟ್ಟಲೆ ಮಲಗಿಕೊಂಡೇ ಕಾಯುವುದರಲ್ಲಿ ಅರ್ಥವಿಲ್ಲ ಎಂಬುದು ನನ್ನ ಅಭಿಪ್ರಾಯ.

ಬ್ಲಡ್ ಪ್ಯಾಚ್ ಅಂದರೆ ಎಂತ? ಬೆನ್ನಿಗೆ ರಕ್ತ ಚುಚ್ಚುವುದು ಅಪಾಯ ಅಲ್ವಾ?

ನಿಮ್ಮದೇ ತೋಳಿನಿಂದ ತೆಗೆದ ರಕ್ತವನ್ನು, ಸಾಮಾನ್ಯವಾಗಿ 15ರಿಂದ 20 ಮಿ.ಲೀ., ಡ್ಯೂರಾದ ಹೊರಗಿನ ಎಪಿಡ್ಯೂರಲ್ ಜಾಗಕ್ಕೆ ನಿಧಾನವಾಗಿ ಬಿಡುತ್ತಾರೆ. ಒಳಗಿನ ದ್ರವವನ್ನು ಅದು ಕೂಡಲೇ ಮೇಲಕ್ಕೆ ಒತ್ತುತ್ತದೆ, ಆಮೇಲೆ ಹೆಪ್ಪುಗಟ್ಟಿ ತೂತಿಗೆ ತೇಪೆಯಾಗುತ್ತದೆ. ಅಮೆರಿಕದ ಶಸ್ತ್ರವೈದ್ಯ ಜೇಮ್ಸ್ ಗೋರ್ಮ್ಲಿ 1960ರಲ್ಲಿ ಇದನ್ನು ಮೊದಲು ಪ್ರಕಟಿಸಿದಾಗ ಬಳಸಿದ್ದು ಬರೀ 2-3 ಮಿ.ಲೀ. ಸ್ಪೈನಲ್ ನಂತರದ ತಲೆನೋವಿಗೆ ಹೆಚ್ಚಿನವರಿಗೆ ಒಂದೇ ಸಲ ಸಾಕಾಗುತ್ತದೆ. ತಾನಾಗಿ ಬಂದ ಸೋರಿಕೆಗೆ ಎರಡು ಮೂರು ಸಲ ಬೇಕಾಗುವುದು ಸಾಮಾನ್ಯ. ಮುಂಭಾಗದ ಸೀಳಿಗೆ ಶಸ್ತ್ರಚಿಕಿತ್ಸೆ, ಸಿರೆಗೆ ಇಳಿಯುವ ಬಗೆಗೆ ಶಸ್ತ್ರಚಿಕಿತ್ಸೆ ಅಥವಾ ಆ ಸಿರೆಯನ್ನು ಒಳಗಿನಿಂದಲೇ ಅಂಟಿನಂಥ ದ್ರವ ಬಿಟ್ಟು ಮುಚ್ಚುವುದು ಮುಂದಿನ ದಾರಿ.

ಅಪಾಯ ಸಣ್ಣದು, ಇಲ್ಲವೇ ಇಲ್ಲವೆಂದಲ್ಲ. ಜ್ವರ, ಸೋಂಕು ಇರುವಾಗ ಮಾಡುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಮೊದಲೇ ಹೇಳಬೇಕು. ಒಂದೆರಡು ದಿನ ಸೊಂಟ ನೋಯುವುದು ಮಾಮೂಲು. ಕಿವಿ ಮಾತ್ರ ಕೆಲವರಲ್ಲಿ ಆಶ್ಚರ್ಯವಾಗುವಷ್ಟು ಬೇಗ ತೆರೆಯುತ್ತದೆ, ಇನ್ನು ಕೆಲವರಲ್ಲಿ ತಲೆನೋವು ಹೋಗಿ ವಾರಗಳಾದರೂ ಗುಂಯ್ ಉಳಿಯುತ್ತದೆ.

ಪ್ಯಾಚ್ ಆದ ಮರುದಿನದಿಂದ ತಲೆನೋವು ಉಲ್ಟಾ ಆಗಿದೆ, ಮಲಗಿದರೆ ಜಾಸ್ತಿ. ಪ್ಯಾಚ್ ಫೇಲ್ ಆಯಿತಾ?

ಬಹುಶಃ ಫೇಲ್ ಅಲ್ಲ, ಪಾಸಾದುದರ ಅಡ್ಡಪರಿಣಾಮ. ಬಹುಕಾಲ ಸೋರಿದ ದೇಹ ಒಮ್ಮೆಲೇ ತೂತು ಮುಚ್ಚಿದಾಗ ಹೊಂದಿಕೊಳ್ಳಲಾರದೆ ಒತ್ತಡ ಏರುತ್ತದೆ. ನೋವು ಕತ್ತಿನಿಂದ ಹಣೆಗೆ, ಕಣ್ಣಿನ ಹಿಂದಕ್ಕೆ ಸರಿಯುತ್ತದೆ. ಕಿವಿಯಲ್ಲಿ ಗುಂಯ್ ಬದಲು ನಾಡಿಯ ತಾಳಕ್ಕೆ ಸರಿಯಾಗಿ ಬುಸ್ ಬುಸ್ ಎನ್ನಬಹುದು. ತಲೆ ಎತ್ತರದಲ್ಲಿಟ್ಟು ಮಲಗುವುದು, ಬೇಕಾದರೆ ಅಸೆಟಜೋಲಮೈಡ್: ಮೊದಲು ಬೇಡವೆಂದ ಅದೇ ಔಷಧ ಈಗ ಬೇಕಾಗುತ್ತದೆ. ಆದ್ದರಿಂದ ನೋವು ಯಾವ ಭಂಗಿಯಲ್ಲಿ ಹೆಚ್ಚು ಎಂಬುದನ್ನು ಫೋನಿನಲ್ಲೇ ಆದರೂ ವೈದ್ಯರಿಗೆ ಹೇಳಿ. ದೃಷ್ಟಿ ಮಂಜಾದರೆ ಫೋನ್ ಸಾಲದು, ನೇರ ಹೋಗಿ.

ಎಷ್ಟು ದಿನ ಬಗ್ಗಬಾರದು? ಶಿರಾಡಿ ಘಾಟಿಯಲ್ಲಿ ಬಸ್ಸಿನಲ್ಲಿ ಹೋಗಬಹುದಾ?

ನಾಲ್ಕರಿಂದ ಆರು ವಾರ ಬಗ್ಗುವುದು, ಸೊಂಟ ತಿರುಗಿಸುವುದು, ಭಾರ ಎತ್ತುವುದು ಬೇಡ ಎನ್ನುವುದು ವಾಡಿಕೆ. ನಮ್ಮ ಮನೆಗಳ ಲೆಕ್ಕದಲ್ಲಿ ಹೇಳುವುದಾದರೆ ಬಾವಿಯಿಂದ ನೀರು ಸೇದುವುದು, ಅಡಿಕೆ ಮೂಟೆ ಎತ್ತುವುದು, ನೆಲದಲ್ಲಿ ಕೂತು ತೆಂಗಿನಕಾಯಿ ತುರಿಯುವುದು, ಅಂಗಳ ಗುಡಿಸುವುದು ಎಲ್ಲ ಇದರಲ್ಲಿ ಬಂತು. ಮಲಬದ್ಧತೆಗೆ ಔಷಧ ಕೇಳಿ ಪಡೆಯಿರಿ, ತಿಣುಕುವುದೂ ಒತ್ತಡವೇ. ಗುಂಡಿ ಬಿದ್ದ ರಸ್ತೆಯಲ್ಲಿ ಹಿಂದಿನ ಸೀಟಿನ ಪ್ರಯಾಣವನ್ನು ಮುಂದೂಡುವುದು ಜಾಣತನ. ಘಟ್ಟ ಹತ್ತುವಾಗ ಕಿವಿ ಕಟ್ಟಿ ಎಂಜಲು ನುಂಗಿದರೆ ಟಪ್ಪೆಂದು ಬಿಟ್ಟರೆ ಹೆದರಬೇಡಿ; ಅದು ನಡುಗಿವಿಯ ಗಾಳಿಯ ಆಟ, ಆಗುಂಬೆಯಲ್ಲೂ ಚಾರ್ಮಾಡಿಯಲ್ಲೂ ಎಲ್ಲರಿಗೂ ಆಗುವಂಥದ್ದು.

ಹಿಯರಿಂಗ್ ಏಡ್ ಈಗಲೇ ತೆಗೆದುಕೊಳ್ಳಬೇಕಾ?

ಬೇಡ. ಏರಿಳಿಯುವ ಕಿವಿಗೆ ಯಂತ್ರ ಹೊಂದಿಸಿದರೆ ಬೆಳಿಗ್ಗೆ ಕಿರುಚುತ್ತದೆ, ಸಂಜೆ ಸಾಲುವುದಿಲ್ಲ. ಚಿಕಿತ್ಸೆ ಮುಗಿದು ಮೂರು ತಿಂಗಳಾದ ಮೇಲೂ ಕೊರತೆ ಉಳಿದರೆ ಆಗ ಮಾತಾಡೋಣ. ಮದ್ದಳೆಗಾರರಿಗೆ ಅದರ ಅಗತ್ಯ ಬೀಳಲಿಲ್ಲ. ಎರಡನೇ ಪ್ಯಾಚ್ ನಂತರ ಅವರು ಮುಂದಿನ ತಿರುಗಾಟಕ್ಕೆ ಹೊರಟರು, ಆದರೆ ಇಡೀ ರಾತ್ರಿಯಲ್ಲ, ಅರ್ಧ ರಾತ್ರಿ ಮಾತ್ರ.

ವರ್ಷಗಟ್ಟಲೆ ಚಿಕಿತ್ಸೆ ಇಲ್ಲದೆ ಬಿಟ್ಟರೆ ಕಿವಿ ಪೂರ್ತಿ ಹೋಗುತ್ತದಾ?

ಹೆಚ್ಚಿನವರಲ್ಲಿ ಹಾಗಾಗುವುದಿಲ್ಲ. ಆದರೆ ಮುಂಭಾಗದ ಸೀಳು ಬಹಳ ವರ್ಷ ತೆರೆದಿದ್ದರೆ ಅಲ್ಲಿಯ ಸೂಕ್ಷ್ಮ ರಕ್ತನಾಳಗಳಿಂದ ಹನಿ ಹನಿ ರಕ್ತ ಸಿಎಸ್‌ಎಫ್‌ಗೆ ಬೆರೆತು, ಅದರ ಕಬ್ಬಿಣ ಮಿದುಳಿನ ಮೇಲ್ಮೈಯಲ್ಲಿ ತುಕ್ಕಿನಂತೆ ಕೂರುವ ಅಪರೂಪದ ಸ್ಥಿತಿಯೊಂದಿದೆ. ಸೂಪರ್‌ಫಿಷಿಯಲ್ ಸಿಡೆರೋಸಿಸ್ ಎನ್ನುತ್ತಾರೆ. ಎಂಟನೆಯ ನರ ಈ ತುಕ್ಕಿಗೆ ವಿಶೇಷವಾಗಿ ಬಲಿಯಾಗುತ್ತದೆ. ಆಗ ಕಥೆ ತಿರುವುಮುರುವು: ಭಂಗಿಯ ಮೇಲೆ ಏನೂ ನಿಂತಿರುವುದಿಲ್ಲ, ಮಂದ್ರದ ಬದಲು ತಾರ ಸ್ವರಗಳು ಮೊದಲು ಹೋಗುತ್ತವೆ, ಎರಡೂ ಕಿವಿ ಇಳಿಯುತ್ತವೆ, ಹೋದದ್ದು ಮರಳುವುದಿಲ್ಲ, ಜೊತೆಗೆ ನಡಿಗೆ ತಪ್ಪುತ್ತದೆ. ಸೀಳನ್ನು ಮುಚ್ಚಿದರೆ ಮುಂದಿನ ಹಾನಿಯನ್ನು ತಡೆಯುವ ಆಸೆ ಇಟ್ಟುಕೊಳ್ಳಬಹುದು; ಕಾಕ್ಲಿಯರ್ ಇಂಪ್ಲಾಂಟ್ ಫಲಿತಾಂಶ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಸಾಮಾನ್ಯ ಎಂಆರ್‌ಐ ಚಿತ್ರಗಳಲ್ಲಿ ಇದು ತಪ್ಪಿಹೋಗಬಹುದು, ರಕ್ತದ ಕಬ್ಬಿಣವನ್ನು ಹಿಡಿಯುವ ಎಸ್‌ಡಬ್ಲ್ಯುಐ ಚಿತ್ರದಲ್ಲಿ ಮಿದುಳಿನ ಅಂಚಿಗೆ ಕಾಡಿಗೆ ಎಳೆದಂತೆ ಕಾಣುತ್ತದೆ. 4000 ಮತ್ತು 8000 ಹರ್ಟ್ಜ್‌ನಲ್ಲಿ ಎರಡೂ ಕಿವಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದು, ಕತ್ತಲಲ್ಲಿ ಗೋಡೆ ಹಿಡಿದು ನಡೆಯುವಂತಾಗಿದ್ದರೆ, ಹಳೆಯ ಆಡಿಯೋಗ್ರಾಮ್‌ಗಳನ್ನೆಲ್ಲ ಒಟ್ಟಿಗೆ ಕೊಂಡುಹೋಗಿ ಆ ಒಂದು ಚಿತ್ರ ತೆಗೆದಿದ್ದಾರೆಯೇ ಎಂದು ಕೇಳಿ.